ಕೆಂಪು ಮುಚ್ಚಿದ ಸಾಹೇಬರು

ಸಾಹೇಬರು ತೀರಿಕೊಂಡ ವಾರಕ್ಕೆ ನಮ್ಮ ನೌಕರರ ಸಂಘದ ಕಾರ್ಯದರ್ಶಿ ಫೋನು ಮಾಡಿದ. "ಮೇಡಂ, ಸಾಹೇಬ್ರ ನೆನಪಿಗೆ ಒಂದು ಸಂಚಿಕೆ ತರಾಕತ್ತೀವಿ. ನೀವು ಅವರ ಕೈಕೆಳಗ ಭಾಳ ವರ್ಷ ಇದ್ರಿ. ನಾಕು ಒಳ್ಳೆ ಮಾತು ಬರದು ಕೊಡ್ರಿ" ಎಂದ. ನಾಲ್ಕು ಒಳ್ಳೆಯ ಮಾತು ಹುಡುಕಿದರೆ ಸಿಕ್ಕಾವು, ಆದರೆ ಅವುಗಳ ಬೆನ್ನು ಹತ್ತಿ ಬರುವ ಉಳಿದ ಮಾತುಗಳನ್ನು ಏನು ಮಾಡಲಿ ಎಂದು ಕೇಳಿದೆ. "ಅವನ್ನ ಬಿಟ್ಟುಬಿಡ್ರಿ, ಸತ್ತವ್ರ ಬಗ್ಗೆ ಅಂಥವೆಲ್ಲ ಯಾಕ" ಎಂದ. ಸಂಚಿಕೆಗೆ ನಾನು ಬರೆಯಲಿಲ್ಲ. ಅಲ್ಲಿ ಬಿಡಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ, ಆ ನಾಲ್ಕು ಒಳ್ಳೆಯ ಮಾತುಗಳನ್ನೂ ಸೇರಿಸಿ.

ಹೆಸರು ಹೇಳುವುದಿಲ್ಲ. ಅವರ ಹೆಂಡತಿ ಒಳ್ಳೆಯ ಹೆಂಗಸು, ಬಂದವರಿಗೆ ಉಣ್ಣಿಸದೆ ಕಳಿಸಿದವರಲ್ಲ. ರಾಯಚೂರು ಜಿಲ್ಲೆಯ ಸರ್ಕಾರಿ ಕಟ್ಟಡಗಳನ್ನು ಕಟ್ಟಿಸುವ ಒಂದು ಕಚೇರಿಗೆ ಸಾಹೇಬರು ಮುಖ್ಯಸ್ಥರಾಗಿದ್ದರು, ನಾನು ಅಲ್ಲಿ ನಕ್ಷೆ ಬರೆಯುವವಳು. ಇಷ್ಟು ಗೊತ್ತಿದ್ದರೆ ಸಾಕು.

ನಾನು ರಾಯಚೂರು ಪಕ್ಕದ ಕಲ್ಮಲದವಳು. ನಮ್ಮವ್ವ ಸ್ಲ್ಯಾಬ್ ಹಾಕುವ ಕಡೆಯೆಲ್ಲ ಕಾಂಕ್ರೀಟಿನ ಪುಟ್ಟಿ ಹೊತ್ತು ನನಗೆ ಡಿಪ್ಲೊಮಾ ಓದಿಸಿದಳು. ಕೆಲಸಕ್ಕೆ ಸೇರಿದ ದಿನ ಸಾಹೇಬರು ಊರು ಕೇಳಿದರು, ಮನೆಯಲ್ಲಿ ಏನು ಮಾಡ್ತಾರೆ ಎಂದು ಕೇಳಿದರು. ಹೇಳಿದೆ. ಬೇರೆ ಅಧಿಕಾರಿಗಳಾಗಿದ್ದರೆ ಅಲ್ಲಿಗೆ ಮುಖ ಬೇರೆ ಕಡೆ ತಿರುಗುತ್ತಿತ್ತು. ಇವರು ತಿರುಗಿಸಲಿಲ್ಲ. "ಹಂಗಾದ್ರ ಕಟ್ಟಡ ಅಂದ್ರ ಏನಂತ ನಿನಗ ಗೊತ್ತದ. ಇಲ್ಲಿ ಇರೋರಿಗೆ ಗೊತ್ತಿಲ್ಲ" ಎಂದು ಹೇಳಿ ಚಾ ತರಿಸಿದರು. ಇದು ಮೊದಲನೆಯ ಒಳ್ಳೆಯ ಮಾತು. ಆ ಚಾದ ಋಣಕ್ಕೆ ನಾನು ಅವರನ್ನು ಬಹಳ ದಿನ ನಂಬಿದೆ.

ಎರಡನೆಯದೂ ಇದೆ. ಅವರಿಗೆ ಕೆಲಸ ಗೊತ್ತಿತ್ತು. ಬಲಗೈಯಲ್ಲಿ ಒಂದು ದಪ್ಪ ಬೆಳ್ಳಿಯ ಉಂಗುರ ಇತ್ತು. ಹೊಸ ಕಟ್ಟಡದೊಳಗೆ ಕಾಲಿಟ್ಟರೆ ಅದರಿಂದ ಗೋಡೆ ತಟ್ಟುತ್ತಾ ಹೋಗುತ್ತಿದ್ದರು, ಟಕ್ ಟಕ್ ಎಂದು, ಕಲ್ಲಂಗಡಿ ಕೊಳ್ಳುವವರ ಹಾಗೆ. ಒಂದು ಸಲ ದೇವದುರ್ಗದಲ್ಲಿ ನೌಕರರ ವಸತಿಗೃಹ ನೋಡಲು ಹೋದಾಗ ಹೀಗೇ ತಟ್ಟುತ್ತಾ ಒಂದು ಕಡೆ ನಿಂತರು. "ಇಲ್ಲಿ ಒಡೀರಿ" ಎಂದರು. ಗುತ್ತಿಗೆದಾರ ನಕ್ಕು, ಗೋಡೆ ಪಕ್ಕಾ ಇದೆ ಎಂದು ಆಣೆ ಮಾಡಿದ. ಒಡೆಸಿದರೆ ಗಿಲಾವಿನ ಹಿಂದೆ ಇಟ್ಟಿಗೆಯೇ ಇರಲಿಲ್ಲ, ಬರೀ ಕಲ್ಲಿನ ಚೂರು ಮತ್ತು ಖಾಲಿ ಸಿಮೆಂಟ್ ಚೀಲ ತುಂಬಿದ್ದರು. ಸಾಹೇಬರು ಎಲ್ಲರೆದುರು ಅವನ ಮಾನ ತೆಗೆದರು. ನನಗೆ ಎದೆ ಉಬ್ಬಿತು. ಸಂಜೆಗೆ ಅದೇ ಗುತ್ತಿಗೆದಾರನ ಜೊತೆ ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಮಂಡಾಳು ತಿಂದು, ಕೆಲಸ ಸರಿಯಾಗಿದೆ ಎಂದು ಸಹಿ ಹಾಕಿದರು. ಒಡೆದ ಜಾಗವನ್ನು ಮಾತ್ರ ಮುಚ್ಚಿಸಲಾಯಿತು, ಉಳಿದ ಗೋಡೆ ಹಾಗೇ ಇದೆ.

ಅವರ ಬಾಯಲ್ಲಿ ಸದಾ ಇದ್ದದ್ದು "ಆಗ್ತದ ತಗೋ" ಎಂಬ ಮಾತು. ರಜೆ ಕೇಳಿದರೆ ಆಗ್ತದ ತಗೋ, ಛಾವಣಿ ಸೋರುತ್ತದೆ ಎಂದರೆ ಆಗ್ತದ ತಗೋ. ನಮ್ಮ ಕಚೇರಿಯಲ್ಲಿ ಇದಕ್ಕೊಂದು ಲೆಕ್ಕ ಇತ್ತು. ಒಂದು ಸಲ ಅಂದರೆ ಆಗಲೂಬಹುದು, ಬೆನ್ನಿಗೇ ಮತ್ತೊಮ್ಮೆ ಅಂದರೆ ಆಗುವುದಿಲ್ಲ.

ಹೀಗೆ ನಡೆದಿದ್ದಾಗ ಮೇಲಿನಿಂದ ಒಂದು ಆದೇಶ ಬಂತು. ಇನ್ನು ಮುಂದೆ ದೊಡ್ಡ ಸರ್ಕಾರಿ ಕಟ್ಟಡ ಯಾವುದೇ ಇರಲಿ, ಟೆಂಡರ್ ಕರೆಯುವ ಮುಂಚೆ ಅದರ ಡಿಜಿಟಲ್ ಮಾಡೆಲ್ ಮಾಡಿ ಕಳಿಸಬೇಕು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಒಂದು ಇಟ್ಟಿಗೆ ಇಡುವ ಮುಂಚೆಯೇ ಇಡೀ ಕಟ್ಟಡವನ್ನು ಕಂಪ್ಯೂಟರಿನೊಳಗೆ ಕಟ್ಟಿ ನೋಡುವುದು ಅದು. ಬರೀ ಚೆಂದದ ಚಿತ್ರವಲ್ಲ. ಗೋಡೆ, ಬೀಮು, ನೀರಿನ ಪೈಪು, ಕರೆಂಟಿನ ವೈರು ಎಲ್ಲವೂ ಅವುಗಳ ನಿಜವಾದ ಅಳತೆಯಲ್ಲಿ, ಒಂದೊಂದು ಪದರವಾಗಿ ಅದರೊಳಗೆ ಇರುತ್ತವೆ. ಪೈಪು ಹೋಗಿ ಬೀಮಿಗೆ ಬಡಿಯುತ್ತದೆ ಎಂದಾದರೆ ಆ ಜಾಗ ಕೆಂಪಾಗುತ್ತದೆ. ಕಾಂಕ್ರೀಟ್ ಹಾಕಿದ ಮೇಲೆ ಗೊತ್ತಾಗುವ ತಪ್ಪು ಮೊದಲೇ ಗೊತ್ತಾಗುತ್ತದೆ. ನನಗೆ ಅದು ಬಹಳ ಮನಸ್ಸಿಗೆ ಬಂತು. ನಮ್ಮವ್ವ ಹೊತ್ತು ಹಾಕಿದ ಎಷ್ಟು ಸ್ಲ್ಯಾಬುಗಳನ್ನು ಆಮೇಲೆ ಪೈಪಿಗಾಗಿ ಸುತ್ತಿಗೆಯಿಂದ ಕುಟ್ಟಿದ್ದನ್ನು ನೋಡಿದ್ದೆನೋ.

ಆದೇಶವೇನೋ ಒಳ್ಳೆಯದೇ. ಸರ್ಕಾರ ಅದನ್ನು ಜಾರಿ ಮಾಡಿದ ರೀತಿ ಮಾತ್ರ ಸರ್ಕಾರದ್ದೇ. ಮಾಡೆಲನ್ನು ಇಲಾಖೆಯ ಜಾಲತಾಣಕ್ಕೆ ಏರಿಸಬೇಕು. ಅದರಲ್ಲಿ ಒಂದು ಕೆಂಪು ಇದ್ದರೂ ಮುಂದಿನ ಪುಟ ತೆರೆಯುವುದಿಲ್ಲ. ಕೆಂಪು ಇಲ್ಲದಿದ್ದರೆ ಹಸಿರು ಗುರುತು ಬಿದ್ದು ಟೆಂಡರಿಗೆ ದಾರಿ ಆಗುತ್ತದೆ. ಕೆಂಪನ್ನು ಹೇಗೆ ಹೋಗಿಸಿದಿರಿ ಎಂದು ಕೇಳುವವರಿಲ್ಲ. ಕಟ್ಟಡ ಮಾಡೆಲಿನಂತೆಯೇ ಎದ್ದಿದೆಯೇ ಎಂದು ಬಂದು ನೋಡುವವರೂ ಇಲ್ಲ. ಎಷ್ಟು ಮಾಡೆಲ್ ಬಂದವು ಎಂದು ಬೆಂಗಳೂರಿನಲ್ಲಿ ಕೂತು ಎಣಿಸಿದರೆ ಆಧುನೀಕರಣ ಆದಂತೆ. ತರಬೇತಿಗೆ ಒಬ್ಬರನ್ನು ಕಳಿಸಿ ಎಂದರೆ ಸಾಹೇಬರು ತಮ್ಮನ್ನೇ ಕಳಿಸಿಕೊಂಡರು. ಬೆಂಗಳೂರಿನಿಂದ ಬರುವಾಗ ಒಂದು ಚೀಲ, ಒಂದು ಪ್ರಮಾಣಪತ್ರ, ಗಣ್ಯರ ಪಕ್ಕ ನಿಂತ ಫೋಟೊ ತಂದರು. ಚೀಲದೊಳಗಿನ ಪುಸ್ತಕವನ್ನು ನನ್ನ ಮೇಜಿನ ಮೇಲೆ ಹಾಕಿ, "ನೀ ಕಲಿಯವ್ವ, ನಿನ್ನ ವಯಸ್ಸಿಗೆ ತಲಿ ಓಡ್ತದ" ಎಂದರು. ನಾನು ಕಲಿತೆ. ಆರು ತಿಂಗಳಾಗುವಷ್ಟರಲ್ಲಿ ಕಚೇರಿಯಲ್ಲಿ ಮಾಡೆಲ್ ಮಾಡಲು ಬರುವವಳು ನಾನೊಬ್ಬಳೇ, ಅದರ ಬಗ್ಗೆ ಭಾಷಣ ಮಾಡುವವರು ಸಾಹೇಬರೊಬ್ಬರೇ ಎಂದಾಯಿತು.

ಹೊಸ ಕಂಪ್ಯೂಟರ್ ಬಂತು, ಗೋಡೆಗೆ ದೊಡ್ಡ ಪರದೆ ಬಂತು. ಪೂಜೆ ಮಾಡದೆ ಚಾಲು ಮಾಡುವುದುಂಟೇ? ಅಟೆಂಡರ್ ಶರಣಪ್ಪ ಕಾಯಿ ಒಡೆದು, ಊದುಬತ್ತಿ ಹಚ್ಚಿ, ಪರದೆಯ ಮೇಲೆ ಬಲಗಡೆ ಮೇಲ್ಮೂಲೆಗೆ ಒದ್ದೆ ಕುಂಕುಮದ ಬೊಟ್ಟು ಇಟ್ಟ. ಒರೆಸಲು ಹೋದರೆ ಸಾಹೇಬರು ಬೈದರು, ಮಂಗಳವಾರ ಇಟ್ಟ ಕುಂಕುಮ ಅಳಿಸಬಾರದಂತೆ. ಹಾಗಾಗಿ ಅದು ಅಲ್ಲೇ ಒಣಗಿತು. ಮುಂದೆ ಹೊಸದಾಗಿ ಬಂದು ನನ್ನಿಂದ ಅರ್ಧಂಬರ್ಧ ಕಲಿತಿದ್ದ ಕಿರಿಯ ಇಂಜಿನಿಯರ್ ಒಬ್ಬ ನಾನು ರಜೆಯಲ್ಲಿದ್ದಾಗ ಒಂದು ಆಸ್ಪತ್ರೆಯ ಮಾಡೆಲ್ ತೆರೆದು, ಮೇಲಿನ ಮಹಡಿಯಲ್ಲಿ ಒಂದು ಕೆಂಪು ಇದೆ, ಎಷ್ಟು ಸರಿಪಡಿಸಿದರೂ ಹೋಗುತ್ತಿಲ್ಲ ಎಂದು ಗಾಬರಿಯಾಗಿ, ನೀರಿನ ಟಾಕಿಯನ್ನೇ ಬೇರೆ ಕಡೆಗೆ ಸರಿಸಿಬಿಟ್ಟಿದ್ದ. ನಾನು ಬಂದು ಉಗುರಿನಿಂದ ಕೆರೆದೆ, ಕೆಂಪು ಉದುರಿತು. ಕಚೇರಿಯೇ ಬಿದ್ದು ಬಿದ್ದು ನಕ್ಕಿತು. ಸಾಹೇಬರು ಎಲ್ಲರಿಗಿಂತ ಹೆಚ್ಚು ನಕ್ಕರು. "ಕೆಂಪು ಹೋಗ್ಬೇಕಂದ್ರ ಇಷ್ಟ ಸಾಕು ನೋಡು" ಎಂದು ಉಗುರು ತೋರಿಸಿದರು. ಆಗ ನಾನೂ ನಕ್ಕಿದ್ದೆ.

ಸಾಹೇಬರಿಗೆ ಮಾಡೆಲಿನಲ್ಲಿ ಬಹಳ ಇಷ್ಟವಾದದ್ದು ಅದರೊಳಗೆ ತಿರುಗಾಡುವುದು. ಬಂದವರನ್ನೆಲ್ಲ ಪರದೆಯ ಮುಂದೆ ಕೂರಿಸಿ, ಇನ್ನೂ ಪಾಯ ತೋಡದ ಕಟ್ಟಡದೊಳಗೆ ಮೆಟ್ಟಿಲು ಹತ್ತಿಸಿ ಇಳಿಸುತ್ತಿದ್ದರು. ಒಮ್ಮೆ ಜನಪ್ರತಿನಿಧಿಯೊಬ್ಬರಿಗೆ ದೇವದುರ್ಗದ ಕಚೇರಿ ಕಟ್ಟಡ ತೋರಿಸುವಾಗ, ಅಂಗಳದಲ್ಲಿ ಕೋಟು ತೊಟ್ಟ ಬಿಳಿ ಹೆಂಗಸೊಬ್ಬಳು ಹಗ್ಗ ಕಟ್ಟಿದ ಉಣ್ಣೆಯಂಥ ನಾಯಿ ಹಿಡಿದು ಹೊರಟಿದ್ದಳು. ಸಾಫ್ಟ್‌ವೇರಿನ ಜೊತೆಗೇ ಬರುವ ಬೊಂಬೆ ಅದು. "ದೇವದುರ್ಗದಾಗ ಇಂಥ ನಾಯಿ ಯಾರ ಮನಿಯಾಗ ಅದರೀ?" ಎಂದು ಅವರು ಕೇಳಿದರು. ಸಾಹೇಬರು ತಡವರಿಸಲಿಲ್ಲ. "ಕಟ್ಟಡ ಆದಮ್ಯಾಲ ಬರ್ತದರೀ" ಎಂದರು. ಜನಪ್ರತಿನಿಧಿಗೆ ಖುಷಿಯೋ ಖುಷಿ. ಕಟ್ಟಡ ಬಂದಿದೆ, ಅಂಗಳದಲ್ಲಿ ಹಂದಿಗಳಿವೆ.

ಇನ್ನೊಂದು ಮಾನ್ವಿ ತಾಲ್ಲೂಕಿನದು. ಚೀಕಲಪರ್ವಿ ಕಡೆಯ ಒಂದು ಶಾಲೆಗೆ ಮಾಡೆಲ್ ಬೇಕಿತ್ತು. ಹೊಳೆಯ ಪಕ್ಕದ ಕರಿ ನೆಲ, ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿ ಬಿಡುವಂಥದು. ಮಣ್ಣು ನೋಡಿ ಪಾಯ ಬೇರೆ ಮಾಡಬೇಕು, ಸಮಯ ಕೊಡಿ ಎಂದೆ. ಸಾಹೇಬರು ಕರಾವಳಿಯ ಯಾವುದೋ ಜಿಲ್ಲೆಯಲ್ಲಿ ಒಪ್ಪಿಗೆಯಾದ ಮಾಡೆಲನ್ನು ಸ್ನೇಹಿತರಿಂದ ತರಿಸಿ ಊರಿನ ಹೆಸರು ಬದಲಿಸಿ ಏರಿಸಿದರು. ಇಳಿಜಾರು ಹೆಂಚಿನ ಮಾಡು, ಸುತ್ತ ತೆಂಗಿನ ಮರ, ಕೆಂಪು ಕಲ್ಲಿನ ಗಟ್ಟಿ ನೆಲ. ಹಸಿರು ಗುರುತು ಬಿತ್ತು. ಬೆಂಗಳೂರಿನಲ್ಲಿ ಕೂತವರಿಗೆ ಚೀಕಲಪರ್ವಿಯಲ್ಲಿ ತೆಂಗಿನ ತೋಪು ಇದ್ದದ್ದು ವಿಚಿತ್ರ ಅನಿಸಲಿಲ್ಲ. "ಸರ್ಕಾರ ಮಾಡೆಲ್ ಕೇಳೇದ, ಕೊಟ್ಟೀವಿ. ಸಾಲಿ ಕೇಳಿದಾಗ ಸಾಲಿ ಕೊಡೋಣು" ಎಂದರು ಸಾಹೇಬರು. ಶಾಲೆಯ ಗೋಡೆಗಳಲ್ಲಿ ಈಗ ಕೈ ತೂರುವಷ್ಟು ಬಿರುಕು. ಇಂಥವುಗಳನ್ನೆಲ್ಲ ನಾನು ನಗುತ್ತಲೇ ಹೇಳಿಕೊಂಡು ತಿರುಗುತ್ತಿದ್ದೆ. ನಗು ನಿಂತದ್ದು ಹುಲಿಗೆಮ್ಮನ ಹಾಸ್ಟೆಲಿನಿಂದ.

ಹುಲಿಗೆಮ್ಮ ದೇವದುರ್ಗದಿಂದ ಜಾಲಹಳ್ಳಿಗೆ ಹೋಗುವ ದಾರಿಯಲ್ಲಿದ್ದ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಹಾಸ್ಟೆಲ್ ಅಂದರೆ ಬಾಡಿಗೆಯ ಹಳೆಯ ಮನೆ. ಶೌಚಾಲಯ ಹೊರಗೆ, ಹಿತ್ತಲು ದಾಟಿ. ಗಂಡುಹುಡುಗರು ಗೋಡೆ ಹತ್ತಿ ಕೂರುತ್ತಾರೆಂದು ದೊಡ್ಡ ಹುಡುಗಿಯರ ತಂದೆತಾಯಿ ಒಬ್ಬೊಬ್ಬರೇ ಬಂದು ಮಕ್ಕಳನ್ನು ಕರಕೊಂಡು ಹೋಗಲು ಶುರು ಮಾಡಿದ್ದರು. ಕರಕೊಂಡು ಹೋದರೆ ಮದುವೆಯೇ ಗತಿ. ಹುಲಿಗೆಮ್ಮ ಮನೆಮನೆಗೆ ಹೋಗಿ ಅವರನ್ನು ತಡೆದಿದ್ದಳು. ಹೊಸ ಕಟ್ಟಡ ಬರುತ್ತದೆ, ಮೇಲಿನ ಮಹಡಿಯಲ್ಲಿ ಮಲಗುವ ಕೋಣೆಯ ಪಕ್ಕದಲ್ಲೇ ಶೌಚಾಲಯ, ನಿಮ್ಮ ಮಗಳು ಹೊಸ್ತಿಲು ದಾಟಬೇಕಾಗಿಲ್ಲ ಎಂದು ಮಾತು ಕೊಟ್ಟಿದ್ದಳು.

ಒಂದು ದಿನ ಅವಳೇ ರಾಯಚೂರಿಗೆ ಬಂದು ನನ್ನ ಪಕ್ಕ ಕೂತು ಮಾಡೆಲ್ ನೋಡಿದಳು. ಅವಳಿಗೆ ಬಿಳಿ ಹೆಂಗಸೂ ಬೇಕಾಗಿರಲಿಲ್ಲ, ನಾಯಿಯೂ ಬೇಕಾಗಿರಲಿಲ್ಲ. "ಯಕ್ಕಾ, ಮ್ಯಾಲಿನ ಸಂಡಾಸ ತೋರ್ಸು" ಎಂದಳು. ತೋರಿಸಿದೆ. "ಬಾಗ್ಲ ತಗಿ." ತೆಗೆದೆ. ಪರದೆಯೊಳಗಿನ ಆ ಪುಟ್ಟ ಬಿಳಿ ಕೋಣೆಯನ್ನು ಅವಳು ದೇವರ ಕೋಣೆ ನೋಡುವಂತೆ ನೋಡಿದಳು. "ಇಷ್ಟ ಆದ್ರ ಸಾಕು. ಹುಡುಗ್ಯಾರು ಉಳೀತಾರ" ಎಂದಳು.

ಅವಳು ಹೋದ ಮೇಲೆ ನೀರಿನ ಪೈಪುಗಳ ಪದರ ಸೇರಿಸಿ ಪರೀಕ್ಷೆ ಮಾಡಿದೆ. ಮೇಲಿನ ಶೌಚಾಲಯಗಳಿಂದ ಇಳಿಯುವ ಪೈಪುಗಳೆಲ್ಲ ನೇರವಾಗಿ ಬೀಮಿನೊಳಗೆ ಹೋಗಿ ಬಡಿಯುತ್ತಿದ್ದವು. ಇಡೀ ಸಾಲು ಕೆಂಪಾಯಿತು. ಪರದೆಗೆ ಉಗುರು ಹಾಕಿ ನೋಡಿದೆ, ಇದು ಕುಂಕುಮವಲ್ಲ. ಸರಿಮಾಡುವ ದಾರಿಯೂ ಕಂಡಿತು. ಶೌಚಾಲಯದ ಸಾಲನ್ನು ಒಂದು ಗೋಡೆಯಷ್ಟು ಪಕ್ಕಕ್ಕೆ ಸರಿಸಬೇಕು. ಮಾಡೆಲಿನಲ್ಲಿ ಅದು ಒಂದು ಮಧ್ಯಾಹ್ನದ ಕೆಲಸ. ಆದರೆ ನಕ್ಷೆ ಬದಲಾದರೆ ಮೇಲಿನವರ ಒಪ್ಪಿಗೆ ಮತ್ತೆ ಬೇಕು. ಒಪ್ಪಿಗೆ ಬರುವುದರೊಳಗೆ ಮಾರ್ಚ್ ಮುಗಿದರೆ ಅನುದಾನ ವಾಪಸ್ ಹೋಗುತ್ತದೆ.

ಸಾಹೇಬರಿಗೆ ತೋರಿಸಿದೆ. ಅವರಿಗೆ ಒಂದು ನೋಟಕ್ಕೇ ತಿಳಿಯಿತು. ಗೋಡೆ ತಟ್ಟಿ ಒಳಗಿನದು ಹೇಳುವ ಮನುಷ್ಯನಿಗೆ ಇದು ತಿಳಿಯದೆ ಹೋಗುತ್ತದೆಯೇ? "ಬರೋಬ್ಬರಿ ಹಿಡದೀ" ಎಂದು ಹೊಗಳಿದರು. ಆಮೇಲೆ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸುತ್ತಾ, "ಈ ಪೈಪಿನ ಪದರ ಮರೆ ಮಾಡಿದ್ರ ಕೆಂಪು ಹೋಗ್ತದಲ್ಲ?" ಎಂದು ಕೇಳಿದರು.

"ಪರದಿ ಮ್ಯಾಲಿಂದ ಹೋಗ್ತದರೀ. ಕಟ್ಟಡದಾಗ ಇರ್ತದ" ಎಂದೆ.

"ಕಟ್ಟಡದಾಗ ಮೇಸ್ತ್ರಿ ಹೆಂಗರ ಹೊಂದಿಸ್ತಾನ. ಆಗ್ತದ ತಗೋ, ಆಗ್ತದ."

"ನಾ ಮರೆ ಮಾಡಂಗಿಲ್ರಿ ಸರ."

"ನೀ ಯಾಕ ಮಾಡ್ತಿ" ಎಂದು ಸಿಟ್ಟಿಲ್ಲದೆ ನಕ್ಕು, ನನ್ನನ್ನು ಎಬ್ಬಿಸಿ ತಾವೇ ಕುರ್ಚಿಯ ಮೇಲೆ ಕೂತರು. ಪರದೆಯ ಪಕ್ಕದಲ್ಲಿ ಪದರಗಳ ಹೆಸರುಗಳು ಸಾಲಾಗಿ ಇರುತ್ತವೆ. ಪ್ರತಿ ಹೆಸರಿನ ಮುಂದೆ ಒಂದು ಕಣ್ಣಿನ ಚಿತ್ರ. ಅದನ್ನು ಒತ್ತಿದರೆ ಕಣ್ಣು ಮುಚ್ಚಿ ಆ ಪದರ ಮಾಯವಾಗುತ್ತದೆ, ಮತ್ತೆ ಒತ್ತಿದರೆ ಬರುತ್ತದೆ. ಬೆಂಗಳೂರಿನ ತರಬೇತಿಯಲ್ಲಿ ಏನೂ ಕಲಿಯದ ಸಾಹೇಬರು ಇದೊಂದನ್ನು ನನ್ನ ಹಿಂದೆ ನಿಂತು ನಿಂತು ಕಲಿತಿದ್ದರು. ಉಂಗುರದ ಬೆರಳಿನಿಂದಲೇ ಕಣ್ಣು ಒತ್ತಿದರು. ಪೈಪುಗಳೆಲ್ಲ ಹೋದವು, ಕೆಂಪೂ ಹೋಯಿತು. ಏರಿಸಿದರೆ ಸರ್ಕಾರ ಹಸಿರು ಗುರುತು ಕೊಟ್ಟಿತು. ಶೌಚಾಲಯಕ್ಕೆ ಒಂದೂ ಪೈಪಿಲ್ಲದ ಕಟ್ಟಡದಲ್ಲಿ ದೋಷವೇನೂ ಇಲ್ಲ ಎಂದು ಆ ಜಾಲತಾಣ ನಿರ್ಧರಿಸಿತು.

ನಾನು ಇದನ್ನು ಬರವಣಿಗೆಯಲ್ಲಿ ಮೇಲಿನವರಿಗೆ ತಿಳಿಸಿದೆ. ಉತ್ತರವಾಗಿ ಮಾನ್ವಿಗೆ ವರ್ಗ ಬಂತು. ಅಲ್ಲಿಯೂ ಸರ್ಕಾರ ಮಾಡೆಲಿಗೆಂದು ಒಂದು ಕಂಪ್ಯೂಟರ್ ಕೊಟ್ಟಿತ್ತು, ಕಳುವಾದೀತೆಂದು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಬೀಗದ ಕೈ ಇದ್ದವರು ನಿವೃತ್ತರಾಗಿ ಗುಂತಕಲ್ಲಿಗೆ ಹೋಗಿದ್ದರು. ನಾನು ಪೆನ್ಸಿಲಿನಲ್ಲಿ ನಕ್ಷೆ ಬರೆಯುತ್ತಾ ಕೂತೆ. ಅದೇ ಹೊತ್ತಿಗೆ ಒಂದೂ ಕೆಂಪಿಲ್ಲದ ಮಾಡೆಲ್‌ಗಳನ್ನು ಅತಿ ಹೆಚ್ಚು ಕೊಟ್ಟ ಕಚೇರಿ ಎಂದು ಸಾಹೇಬರಿಗೆ ಶಾಲು, ಹಾರ, ಫಲಕ ಸಿಕ್ಕವು. ಫಲಕದ ಮೇಲೆ ಕೆತ್ತಿದ್ದ ಚಿತ್ರ ಹುಲಿಗೆಮ್ಮನ ಹಾಸ್ಟೆಲಿನದು.

ಹಾಸ್ಟೆಲ್ ಉದ್ಘಾಟನೆಯಾಗಿ ಒಂದು ಮಳೆಗಾಲ ಕಳೆದ ಮೇಲೆ ಹೋಗಿದ್ದೆ. ಹೊರಗಿನಿಂದ ಮಾಡೆಲಿನಷ್ಟೇ ಚೆಂದ. ಹುಲಿಗೆಮ್ಮ ನನ್ನನ್ನು ಮೇಲೆ ಕರಕೊಂಡು ಹೋದಳು. ಶೌಚಾಲಯದ ಸಾಲಿಗೆ ದೊಡ್ಡ ಬೀಗ. ಬೀಮು ಕಡಿದರೆ ಮಹಡಿ ಕೂತೀತೆಂದು ಮೇಸ್ತ್ರಿ ಪೈಪನ್ನು ಬೀಮಿನ ಪಕ್ಕಕ್ಕೆ ತಿರುವಿ, ಮತ್ತೊಂದು ತಿರುವು ಕೊಟ್ಟು ಇಳಿಸಿದ್ದ. ನೀರು ಇಳಿಯಲು ಬೇಕಾದ ಇಳಿಜಾರೇ ಇರಲಿಲ್ಲ. ಮೊದಲ ವಾರಕ್ಕೇ ಕಟ್ಟಿಕೊಂಡು, ಹೊಲಸೆಲ್ಲ ಕೆಳಗಿನ ಊಟದ ಕೋಣೆಯ ಛಾವಣಿಯಿಂದ ತೊಟ್ಟಿಕ್ಕಿತ್ತು. ಹುಡುಗಿಯರು ಬೆಳಕು ಹರಿಯುವ ಮುಂಚೆ ತೊಗರಿ ಹೊಲಕ್ಕೆ ಹೋಗುತ್ತಿದ್ದರು, ಮೊದಲಿನ ಹಿತ್ತಲಿಗಿಂತ ದೂರ.

"ಮಾತು ಕೊಟ್ಟಿದ್ದೆ ಯಕ್ಕಾ. ಈಗ ಆ ತಾಯಂದ್ರು ನನ್ನ ಕಂಡ್ರ ಬ್ಯಾರೆ ಓಣಿ ಹಿಡೀತಾರ. ದೊಡ್ಡ ಹುಡುಗ್ಯಾರು ಅರ್ಧಕ್ಕರ್ಧ ಹೋದ್ರು. ಪೈಪ್ ಸರಿ ಮಾಡಿಸಿಕೊಡ್ರಿ ಅಂತ ಎಲ್ಲಾರಿಗೂ ಅರ್ಜಿ ಕೊಟ್ಟು ಹೈರಾಣ ಆಗೀನಿ. ಮಾಡೆಲಿನಾಗ ಏನೂ ತಪ್ಪಿಲ್ಲ ಅಂತಾರ" ಎಂದಳು.

ಸಾಹೇಬರು ನಿವೃತ್ತರಾದ ಮೇಲೆ ಒಂದು ಭಾನುವಾರ ಕಲ್ಮಲದ ನಮ್ಮ ಮನೆ ಮುಂದೆ ಅವರ ಕಾರು ನಿಂತಿತು. ಮನೆಯೊಳಗೆ ಬಂದು, ಗೋಡೆಯ ಮೇಲಿನ ಬುದ್ಧನ ಪಟಕ್ಕೆ ಕೈ ಮುಗಿದು, ನಮ್ಮವ್ವ ಕೊಟ್ಟ ಚಾ ಕುಡಿದರು. ರಾಯಚೂರಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸುತ್ತಿದ್ದಾರಂತೆ. ಮಾಡೆಲ್ ಮಾಡಿಕೊಡಬೇಕಂತೆ. "ಬ್ಯಾರೆ ಯಾರನ್ನೂ ನಾ ನಂಬಂಗಿಲ್ಲ ನೋಡವ್ವ. ಪೈಪು, ವೈರು, ಎಲ್ಲಾ ಪದರ ಹಾಕಬೇಕು. ಒಂದು ಕೆಂಪು ಇರಬಾರ್ದು. ಖರೇ ಖರೇ ಇರಬಾರ್ದು" ಎಂದರು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. "ಸರ, ಹಾಸ್ಟೆಲಿಂದು ಕಣ್ಣು ಮುಚ್ಚಿಬಿಟ್ರಲ್ಲ, ಇದಕ್ಕ ಯಾಕ ಇಷ್ಟು?" ಎಂದು ನೇರವಾಗಿ ಕೇಳಿದೆ.

ಅವರಿಗೆ ನಾಚಿಕೆ ಆಗಲಿಲ್ಲ. ಎಳೆ ಮಗುವಿಗೆ ತಿಳಿಸಿ ಹೇಳುವ ಹಾಗೆ, "ಅದು ಸರ್ಕಾರದ್ದು ಬಿಡವ್ವ. ಇದರಾಗ ನಾ ಇರಬೇಕಲ್ಲ" ಎಂದರು.

ಎದ್ದು ಹೋಗಿ ಎನ್ನಬೇಕೆಂದಿದ್ದೆ. ಹುಲಿಗೆಮ್ಮ ನೆನಪಾದಳು. ಇಲಾಖೆಯಲ್ಲಿ ಇವರ ಮಾತು ಇನ್ನೂ ನಡೆಯುತ್ತಿತ್ತು, ಇವರ ಜಾಗಕ್ಕೆ ಬಂದ ಅಧಿಕಾರಿ ಇವರದೇ ಶಿಷ್ಯ. ಮಾಡಿಕೊಡುತ್ತೇನೆ, ಆದರೆ ಹಾಸ್ಟೆಲಿನ ಮಾಡೆಲಿನಲ್ಲಿ ಪೈಪಿನ ಪದರ ಮುಚ್ಚಿದ್ದೆವು, ತಪ್ಪಾಗಿದೆ, ಸರಿಪಡಿಸಿ ಎಂದು ಹೊಸ ಸಾಹೇಬರಿಗೆ ನೀವು ಹೇಳಬೇಕು ಎಂದೆ. "ಆಗ್ತದ ತಗೋ" ಎಂದರು. ಸ್ವಲ್ಪ ಆಸೆ ಹುಟ್ಟಿತು. ಕಾರು ಹತ್ತುವಾಗ ಗಾಜು ಇಳಿಸಿ, "ಆಗ್ತದ" ಎಂದು ಮತ್ತೊಮ್ಮೆ ಅಂದರು.

ಆದರೂ ಮಾಡಿಕೊಟ್ಟೆ. ಕೆಟ್ಟದಾಗಿ ಕೆಲಸ ಮಾಡುವುದು ನನಗೆ ಬರುವುದಿಲ್ಲ. ಭಾನುವಾರಗಳಲ್ಲಿ ಸಾಹೇಬರು ತಮ್ಮದೇ ಕಂಪ್ಯೂಟರ್ ತಂದು, ಪಕ್ಕದಲ್ಲಿ ಕೂತು ಒಂದೊಂದೇ ಪದರದ ಕಣ್ಣು ತೆರೆಸಿ ನೋಡುತ್ತಿದ್ದರು. ಮೇಲಿನ ಬಚ್ಚಲಿನ ಪೈಪು ಒಂದು ಬೀಮಿಗೆ ತಾಗಿ ಅಲ್ಲಿ ಸಣ್ಣದಾಗಿ ಕೆಂಪಾಯಿತು. ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ಬಚ್ಚಲ ಸರಿಸು" ಎಂದರು. ಒಂದು ಗೋಡೆಯಷ್ಟು ಪಕ್ಕಕ್ಕೆ ಸರಿಸಿದೆ. ಒಂದು ಮಧ್ಯಾಹ್ನ ಹಿಡಿಯಿತು. ಆ ಮನುಷ್ಯನಷ್ಟು ಚೆನ್ನಾಗಿ ಮಾಡೆಲಿನ ಬೆಲೆ ತಿಳಿದವರು ನಮ್ಮ ಜಿಲ್ಲೆಯಲ್ಲಿ ಮತ್ತೊಬ್ಬರಿರಲಿಲ್ಲ. ಇದು ಮೂರನೆಯ ಒಳ್ಳೆಯ ಮಾತು, ಬೇಕಾದವರು ಸಂಚಿಕೆಗೆ ತೆಗೆದುಕೊಳ್ಳಲಿ.

ಮನೆ ಮುಗಿದು ಬಹಳ ದಿನ ಅವರು ಅದರಲ್ಲಿ ಇರಲಿಲ್ಲ. ಮೊನ್ನೆ ಎದೆನೋವು ಬಂದು ಹೋಗಿಬಿಟ್ಟರು. ಮನೆಯವರನ್ನು ಮಾತಾಡಿಸಲು ಹೋಗಿದ್ದೆ. ಅವರ ಹೆಂಡತಿ ಕೈ ಹಿಡಿದು, "ಮನಿ ಭಾಳ ಚೊಲೊ ಮಾಡಿಕೊಟ್ಟಿಯವ್ವಾ, ಒಂದು ಹನಿ ಸೋರಂಗಿಲ್ಲ. ಅವ್ರು ದಿನಾ ನಿನ್ನ ನೆನಸ್ತಿದ್ರು" ಎಂದು ಅತ್ತರು. ನಾಲ್ಕನೆಯ ಒಳ್ಳೆಯ ಮಾತು ಅದು, ಅದು ನನ್ನದಲ್ಲ. ಕೈ ತೊಳೆಯಲು ಮೇಲಿನ ಬಚ್ಚಲಿಗೆ ಹೋದೆ. ನೀರು ಸರಾಗವಾಗಿ ಇಳಿದು ಹೋಯಿತು.

ಸಂಘದವರು ಕಚೇರಿಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಸಾಹೇಬರ ಸಾಧನೆ ಎಂದು ಹಾಸ್ಟೆಲಿನ ಮಾಡೆಲನ್ನು ದೊಡ್ಡ ಪರದೆಯ ಮೇಲೆ ತಿರುಗಿಸಬೇಕಂತೆ, ತಿರುಗಿಸಲು ಬರುವವರು ಇಂದಿಗೂ ಯಾರೂ ಇಲ್ಲವಂತೆ. ಮಾನ್ವಿಯಿಂದ ನನ್ನನ್ನು ಕರೆಸಿದರು. ಶರಣಪ್ಪ ಮೊದಲಿನಂತೆಯೇ ಊದುಬತ್ತಿ ಹಚ್ಚಿ, ಸಾಹೇಬರ ಫೋಟೊಕ್ಕೆ ಕುಂಕುಮ ಇಟ್ಟು, ಪರದೆಯ ಮೂಲೆಗೂ ಒಂದು ಬೊಟ್ಟು ಇಟ್ಟ. ಹಿಂದಿನ ಸಾಲಿನಲ್ಲಿ ಹುಲಿಗೆಮ್ಮ ಕೂತಿದ್ದಳು. ಅವಳನ್ನು ಯಾರೂ ಕರೆದಿರಲಿಲ್ಲ. ಹೊಸ ಸಾಹೇಬರು ಸಿಗುತ್ತಾರೆಂದು ಮತ್ತೊಂದು ಅರ್ಜಿ ಹಿಡಿದು ಬಂದಿದ್ದಳು. ಪೈಪಿನ ಬಗ್ಗೆ ಹಳೆಯ ಸಾಹೇಬರು ಏನಾದರೂ ಹೇಳಿದ್ದರೇ ಎಂದು ನಾನು ಹೊಸ ಸಾಹೇಬರನ್ನು ಕೇಳಿದ್ದೆ. ಯಾವ ಪೈಪು ಎಂದಿದ್ದರು.

ಭಾಷಣಗಳಾದವು. ಸಾಹೇಬರು ದೂರದೃಷ್ಟಿಯವರು, ಈ ಹಿಂದುಳಿದ ಜಿಲ್ಲೆಗೆ ಡಿಜಿಟಲ್ ತಂತ್ರಜ್ಞಾನ ತಂದವರು ಎಂದರು. ಒಂದೂ ಕೆಂಪಿಲ್ಲದ ಮಾಡೆಲ್ ಎಂದು ಹೊಸ ಸಾಹೇಬರು ಪರದೆಯ ಕಡೆ ಕೈ ತೋರಿಸಿದರು. ಹಾಸ್ಟೆಲ್ ಮೆಲ್ಲಗೆ ತಿರುಗುತ್ತಿತ್ತು, ಬಿಳಿ ಹೆಂಗಸು ನಾಯಿ ಹಿಡಿದು ಅಂಗಳ ಸುತ್ತುತ್ತಿದ್ದಳು. ಎಲ್ಲರೂ ಎರಡು ನಿಮಿಷ ಮೌನಕ್ಕೆ ಎದ್ದು ನಿಂತರು. ನಾನೂ ಎದ್ದೆ. ನಿಂತುಕೊಂಡೇ ಪೈಪಿನ ಪದರದ ಮುಂದಿದ್ದ ಮುಚ್ಚಿದ ಕಣ್ಣನ್ನು ಒತ್ತಿದೆ.

ಸಾಹೇಬರು ಮುಚ್ಚಿದ್ದಷ್ಟೇ, ಅಳಿಸಿರಲಿಲ್ಲ. ಮೇಲಿನ ಮಹಡಿಯ ಉದ್ದಕ್ಕೂ ಕೆಂಪು ಎದ್ದು ಬಂತು. ತಲೆ ಬಗ್ಗಿಸಿದ್ದ ಹೊಸ ಸಾಹೇಬರು ಓರೆಗಣ್ಣಲ್ಲಿ ನೋಡಿ, ತುಟಿಯಂಚಿನಲ್ಲೇ, "ಶರಣಪ್ಪ, ಪರದಿಗೆ ಕುಂಕುಮ ಚೆಲ್ಲೇದ, ಒರಸೋ" ಎಂದರು. ಶರಣಪ್ಪ ಬಟ್ಟೆ ತಂದು ಒರೆಸಿದ. ಮೂಲೆಯ ಬೊಟ್ಟು ಹೋಯಿತು. ಉಳಿದದ್ದು ಹೋಗಲಿಲ್ಲ. ಬಟ್ಟೆ ಒದ್ದೆ ಮಾಡಿಕೊಂಡು ಬಂದು ತಿಕ್ಕಿದ. ಆ ಸದ್ದು ಬಿಟ್ಟರೆ ಸಭೆಯಲ್ಲಿ ಬೇರೆ ಸದ್ದಿರಲಿಲ್ಲ. ಹಿಂದಿನ ಸಾಲಿನಲ್ಲಿ ಹುಲಿಗೆಮ್ಮ ಮಾತ್ರ ತಲೆ ಎತ್ತಿ ನೋಡುತ್ತಿದ್ದಳು, ಅವಳಿಗೆ ಅದು ಯಾವ ಜಾಗವೆಂದು ಗುರುತು ಹತ್ತಿತ್ತು. ಅರ್ಜಿ ಹಿಡಿದುಕೊಂಡೇ ಅವಳು ಕುರ್ಚಿಗಳ ನಡುವಿನಿಂದ ಮುಂದಕ್ಕೆ ಬರತೊಡಗಿದಳು.

"ಹೋಗವಲ್ದ್ರೀ ಸಾಹೇಬ್ರ" ಎಂದ ಶರಣಪ್ಪ, ಮೌನ ಮುಗಿಯುವ ಮುಂಚೆಯೇ.